ಕಾರು ಒರೆಸುವ ಬಟ್ಟೆ: ಆರಿಸುವ ಬಗೆ, ಒಗೆಯುವ ಬಗೆ

ಕಾರು ಕೊಂಡು ಒಂದೆರಡು ವರ್ಷವಾದ ಮೇಲೆ, ಎಳೆಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಬಾನೆಟ್ಟನ್ನು ಹತ್ತಿರದಿಂದ ನೋಡಿ. ಬೆಳಕು ಬಿದ್ದ ಜಾಗದ ಸುತ್ತ ಉಂಗುರ ಉಂಗುರವಾಗಿ ಲೆಕ್ಕವಿಲ್ಲದಷ್ಟು ಸಣ್ಣ ಗೀರುಗಳು ಕಾಣುತ್ತವೆ. ಕಪ್ಪು, ಕಡುನೀಲಿ, ಕೆಂಪು ಕಾರಾದರೆ ಇನ್ನೂ ಎದ್ದು ಕಾಣುತ್ತವೆ. ಡೀಟೇಲಿಂಗ್ ಮಾಡುವವರು ಇವನ್ನು ಸ್ವರ್ಲ್ ಮಾರ್ಕ್ ಎನ್ನುತ್ತಾರೆ. ಇವು ಯಾರೋ ಬೇಕೆಂದು ಗೀಚಿದ್ದಲ್ಲ, ಗಾಡಿ ಎಲ್ಲೋ ತಾಗಿದ್ದೂ ಅಲ್ಲ. ಬಹುಪಾಲು ಗೀರುಗಳು ಬೀಳುವುದು ಕಾರನ್ನು ಸ್ವಚ್ಛ ಮಾಡುವಾಗಲೇ.

ಕಾರಣ ಸರಳ. ಇಂದಿನ ಕಾರುಗಳ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಹೊಳಪು ಕೊಡುವುದೂ ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ಜೆರಾಕ್ಸ್ ಕಾಗದದ ಒಂದು ಹಾಳೆಯ ಅರ್ಧದಷ್ಟು. ನಮ್ಮ ರಸ್ತೆಯ ಧೂಳಿನಲ್ಲಿ ಮರಳಿನ ಕಣ ಇದ್ದೇ ಇರುತ್ತದೆ. ಮರಳಿನ ಮುಖ್ಯ ಖನಿಜ ಕ್ವಾರ್ಟ್ಜ್. ಗಡಸುತನದ ಮೋಹ್ಸ್ ಮಾಪನದಲ್ಲಿ ಅದಕ್ಕೆ 7ನೇ ಸ್ಥಾನ. ಬಳ್ಳಾರಿ, ಸಂಡೂರಿನ ಕಡೆ ಹಾರುವ ಕಬ್ಬಿಣದ ಅದಿರಿನ ಧೂಳು ಕೂಡ ಇದಕ್ಕಿಂತ ಹೆಚ್ಚು ಕೆಳಗಿಲ್ಲ. ಅವೆರಡರ ಮುಂದೆ ಕ್ಲಿಯರ್ ಕೋಟ್ ತೀರಾ ಮೆದು. ಒಣ ಧೂಳಿನ ಮೇಲೆ ಬಟ್ಟೆ ಎಳೆದಾಗ ಆ ಕಣಗಳೇ ಉಜ್ಜುಕಾಗದದ ಕೆಲಸ ಮಾಡುತ್ತವೆ.

ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ನಡೆಯುವ ಕೆಲಸ ನೋಡಿ. ಬೆಳಿಗ್ಗೆ ಕಾರು ಒರೆಸಲು ಬರುವವರ ಕೈಯಲ್ಲಿ ಒಂದು ಬಕೆಟ್ ನೀರು, ಒಂದು ಹಳದಿ ಬಟ್ಟೆ. ಅಷ್ಟರಲ್ಲೇ ಸಾಲಾಗಿ ನಿಂತ ಹಲವು ಕಾರುಗಳು ಮುಗಿಯಬೇಕು. ಮೊದಲ ಕಾರಿನ ಚಕ್ರದ ಕೆಸರು ಕೊನೆಯ ಕಾರಿನ ಬಾನೆಟ್ಟಿಗೆ ತಲುಪುವುದು ಹೀಗೆ. ತಪ್ಪು ಒರೆಸುವವರದಲ್ಲ, ಅವರಿಗೆ ಸಿಕ್ಕಿರುವ ಸಲಕರಣೆಯೇ ಅಷ್ಟು. ಇದಕ್ಕೆ ನೀರಿನ ಕೊರತೆಯೂ ಸೇರಿದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು. ನೀರು ಉಳಿಸಬೇಕಾದದ್ದು ಸರಿಯೇ. ಆದರೆ ನೀರು ಕಡಿಮೆಯಾದಷ್ಟೂ ಕೊಳೆ ತೆಗೆಯುವ ಹೊಣೆ ಬಟ್ಟೆಯ ಮೇಲೆ ಬೀಳುತ್ತದೆ. ಆದ್ದರಿಂದ ಬಟ್ಟೆ ಯಾವುದು, ಅದು ಎಷ್ಟು ಶುಭ್ರವಾಗಿದೆ ಎಂಬುದೇ ಕಾರಿನ ಹೊಳಪನ್ನು ತೀರ್ಮಾನಿಸುತ್ತದೆ. ಒಳ್ಳೆಯ ಬಟ್ಟೆ ಕೊಂಡರೆ ಅರ್ಧ ಕೆಲಸ ಮುಗಿಯಿತು. ಅದನ್ನು ಸರಿಯಾಗಿ ಒಗೆದು, ಬೇರೆ ಬೇರೆಯಾಗಿ ಎತ್ತಿಡುವುದು ಉಳಿದರ್ಧ. ಹೆಚ್ಚಿನವರು ಬಿಟ್ಟುಬಿಡುವುದು ಅದನ್ನೇ.

ಮೈಕ್ರೋಫೈಬರ್ ಏಕೆ ಬೇರೆ?

ಒಂದು ಡೆನಿಯರ್‌ಗಿಂತ ಸಣ್ಣ ಎಳೆಗೆ ಮೈಕ್ರೋಫೈಬರ್ ಎನ್ನುತ್ತಾರೆ. 9,000 ಮೀಟರ್ ಉದ್ದದ ಎಳೆ ಕೇವಲ ಒಂದು ಗ್ರಾಂ ತೂಗಿದರೆ ಅದು ಒಂದು ಡೆನಿಯರ್. ಕಾರಿಗೆ ಬಳಸುವ ಒಳ್ಳೆಯ ಬಟ್ಟೆಗಳಲ್ಲಿ ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್, ಅಂದರೆ ನೈಲಾನ್ ಜಾತಿಯ ನಾರು, ಎರಡೂ ಸೇರಿ ಒಂದೇ ಎಳೆಯಾಗಿರುತ್ತವೆ. ನೇಯ್ದ ಮೇಲೆ ಈ ಎಳೆಯನ್ನು ಸೀಳುತ್ತಾರೆ. ಅಡ್ಡ ಕತ್ತರಿಸಿದ ಕಿತ್ತಳೆಯಲ್ಲಿ ತೊಳೆಗಳು ಕಾಣುವಂತೆ ಒಂದೊಂದು ಎಳೆಯೂ ಹಲವು ತುಂಡುಗಳಾಗಿ ಬಿಡಿಸಿಕೊಳ್ಳುತ್ತದೆ. ಆ ಸಂದುಗಳಲ್ಲಿ ನೀರು ಏರಿ ನಿಲ್ಲುತ್ತದೆ. ಧೂಳಿನ ಕಣ ಮೇಲ್ಮೈ ಬಿಟ್ಟು ಒಳಗೆ ಸೇರಿಕೊಳ್ಳುತ್ತದೆ.

ಗ್ಯಾರೇಜಿನ ಬನಿಯನ್ ವೇಸ್ಟ್, ಹಳೆಯ ಪಂಚೆ, ಹಳದಿ ಬಟ್ಟೆಗಳಿಗೆ ಈ ಗುಣವಿಲ್ಲ. ಹತ್ತಿಯ ಚಪ್ಪಟೆ ನೇಯ್ಗೆಯಲ್ಲಿ ಕಣಕ್ಕೆ ಇಳಿಯಲು ಜಾಗ ಇರುವುದಿಲ್ಲ. ಅದು ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕಿ ಉದ್ದಕ್ಕೂ ಎಳೆಯುತ್ತದೆ. ಎಂಜಿನ್ ಭಾಗ ಒರೆಸಲು, ಗ್ರೀಸ್ ತೆಗೆಯಲು ಅವು ಚೆನ್ನ. ಬಣ್ಣದ ಮೇಲೆ ಬೇಡ.

ಕೊಳ್ಳುವಾಗ ನೋಡಬೇಕಾದ ನಾಲ್ಕು ಸಂಗತಿ

ಮೊದಲನೆಯದು ಮಿಶ್ರಣ. ಪೊಟ್ಟಣದ ಮೇಲೆ 80/20 ಅಥವಾ 70/30 ಎಂದು ಬರೆದಿರುತ್ತದೆ. ಮೊದಲ ಅಂಕಿ ಪಾಲಿಯೆಸ್ಟರ್, ಎರಡನೆಯದು ಪಾಲಿಅಮೈಡ್. ಬಟ್ಟೆ ಗಟ್ಟಿಯಾಗಿ ಬಾಳುವುದು ಪಾಲಿಯೆಸ್ಟರಿನಿಂದ. ನೀರು ಹೀರಲು ಪಾಲಿಅಮೈಡ್ ನೆರವಾಗುತ್ತದೆ. ಮನೆಬಳಕೆಗೆ 80/20 ಸಾಕು. 70/30 ಸ್ವಲ್ಪ ಮೆದು, ಬೆಲೆಯೂ ಹೆಚ್ಚು. ಅಂಕಿಯೇ ಇಲ್ಲದ, ಬರೀ ಪಾಲಿಯೆಸ್ಟರ್ ಎಂದಿರುವ ಅಗ್ಗದ ಬಟ್ಟೆ ಸಾಮಾನ್ಯವಾಗಿ ಸೀಳದ ಎಳೆಯದ್ದಾಗಿರುತ್ತದೆ. ಅದು ನೀರು ಹೀರದೆ ಮುಂದಕ್ಕೆ ತಳ್ಳುತ್ತದೆ.

ಎರಡನೆಯದು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂಬುದು. ಇದು ಹೆಚ್ಚಾದಷ್ಟೂ ಬಟ್ಟೆ ದಪ್ಪ. ಆದರೆ ಎಲ್ಲ ಕೆಲಸಕ್ಕೂ ದಪ್ಪ ಬಟ್ಟೆಯೇ ಒಳ್ಳೆಯದೆಂದಲ್ಲ. ಪೊಟ್ಟಣದ ಅಂಕಿಯನ್ನು ಅಡುಗೆಮನೆಯ ತಕ್ಕಡಿಯಲ್ಲೇ ಪರೀಕ್ಷಿಸಬಹುದು. 40 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಬಟ್ಟೆ ಎಂದರೆ 0.16 ಚದರ ಮೀಟರ್. 400 ಜಿಎಸ್‌ಎಂ ನಿಜವಾಗಿದ್ದರೆ ಅದು ಸುಮಾರು 64 ಗ್ರಾಂ ತೂಗಬೇಕು. 60×90 ಸೆಂ.ಮೀ. ಅಳತೆಯ, 1,000 ಜಿಎಸ್‌ಎಂ ಎಂದು ಮಾರುವ ಟವೆಲ್ ಸುಮಾರು 540 ಗ್ರಾಂ ಇರಬೇಕು. ತೂಕ ತೀರಾ ಕಡಿಮೆ ಬಂದರೆ ಆ ಪೊಟ್ಟಣದ ಮೇಲಿನ ಬೇರೆ ಮಾತುಗಳನ್ನೂ ನಂಬಬೇಡಿ.

ಮೂರನೆಯದು ಅಂಚು. ಬಟ್ಟೆಯ ಮಧ್ಯಭಾಗ ಎಷ್ಟೇ ಮೆದುವಾಗಿದ್ದರೂ ಒರಟು ನೈಲಾನ್ ದಾರದ ಹೊಲಿಗೆಯ ಅಂಚು ಬಣ್ಣಕ್ಕೆ ತಾಗಿದರೆ ಗೀರು ಬೀಳಬಹುದು. ಹೊಲಿಗೆಯಿಲ್ಲದೆ ಕತ್ತರಿಸಿದ ಅಂಚು, ಇಲ್ಲವೇ ಮೃದುವಾದ ಪಟ್ಟಿ ಸುತ್ತಿದ ಅಂಚು ಇರುವುದನ್ನು ನೋಡಿ. ಕಂಪನಿಯ ಚೀಟಿ ಹೊಲಿದಿದ್ದರೆ ಬಳಸುವ ಮೊದಲೇ ಬಿಡಿಸಿಬಿಡಿ.

ನಾಲ್ಕನೆಯದು ನೇಯ್ಗೆ ಮತ್ತು ಎಳೆಯ ಉದ್ದ. ಇದನ್ನು ಕೆಲಸಕ್ಕೆ ತಕ್ಕಂತೆ ಆರಿಸಬೇಕು.

ಯಾವ ಕೆಲಸಕ್ಕೆ ಯಾವುದು

ತೊಳೆದ ಕಾರಿನ ನೀರು ಒರೆಸಲು: 60×90 ಸೆಂ.ಮೀ. ಸುಮಾರಿನ ದೊಡ್ಡ ಟವೆಲ್, 800 ಜಿಎಸ್‌ಎಂ ಅಥವಾ ಮೇಲ್ಪಟ್ಟು. ತಿರುಚಿದ ಕುಣಿಕೆಗಳಂತಹ ಎಳೆಯ ಟ್ವಿಸ್ಟೆಡ್ ಲೂಪ್ ಟವೆಲ್ ನೀರನ್ನು ಬೇಗ ಎಳೆದುಕೊಳ್ಳುತ್ತದೆ. ಚೌಕಳಿ ಗುಳಿಗಳ ವಾಫಲ್ ನೇಯ್ಗೆ ತೆಳುವಾದರೂ ಇದಕ್ಕೆ ಒಗ್ಗುತ್ತದೆ. ಬೇಗ ಒಣಗುವುದು ಅದರ ಲಾಭ.

ಪಾಲಿಶ್, ವ್ಯಾಕ್ಸ್ ತೆಗೆಯಲು: 300ರಿಂದ 400 ಜಿಎಸ್‌ಎಂ, ಗಿಡ್ಡ ಎಳೆ. ತೀರಾ ದಪ್ಪದ ಬಟ್ಟೆ ಒಣಗಿದ ವ್ಯಾಕ್ಸನ್ನು ಹಿಡಿಯದೆ ಸವರಿಬಿಡುತ್ತದೆ.

ಕೊನೆಯ ಹೊಳಪು ಒರೆಸಲು, ನೀರಿಲ್ಲದ ತೊಳೆತಕ್ಕೆ: 400ರಿಂದ 600 ಜಿಎಸ್‌ಎಂನ ಮೆತ್ತನೆಯ, ಉದ್ದ ಎಳೆಯ ಬಟ್ಟೆ. ಕಣಗಳು ಇಳಿದು ಕೂರಲು ಆಳ ಬೇಕಾದ ಜಾಗ ಇದು.

ಗ್ಲಾಸಿಗೆ: ಉದ್ದ ಎಳೆಯಿಲ್ಲದ, ಬಿಗಿ ನೇಯ್ಗೆಯ ತೆಳು ಬಟ್ಟೆ. ಮೆತ್ತನೆಯ ಟವೆಲ್ ಗ್ಲಾಸಿನ ಮೇಲೆ ಪಟ್ಟೆ ಪಟ್ಟೆಯಾಗಿ ಕಲೆ ಬಿಡುತ್ತದೆ. ರಾತ್ರಿ ಎದುರು ಗಾಡಿಯ ಲೈಟು ಬಿದ್ದಾಗ ಅದೇ ಕಣ್ಣಿಗೆ ಹೊಡೆಯುತ್ತದೆ.

ಡ್ಯಾಶ್‌ಬೋರ್ಡ್, ಸೀಟಿಗೆ: 250ರಿಂದ 350 ಜಿಎಸ್‌ಎಂನ ಸಾಧಾರಣ ಬಟ್ಟೆ.

ಚಕ್ರ, ಬಾಗಿಲ ಸಂದು, ಎಂಜಿನ್ ಭಾಗಕ್ಕೆ: ಹೊಸದು ಕೊಳ್ಳಬೇಕಿಲ್ಲ, ಸವೆದ ಹಳೆಯವು ಸಾಕು. ಬ್ರೇಕಿನ ಪುಡಿಯಲ್ಲಿ ಲೋಹದ ಚೂರುಗಳಿರುವುದರಿಂದ ಇವು ಉಳಿದವುಗಳ ಜೊತೆ ಎಂದೂ ಸೇರಬಾರದು.

ಒಂದು ಕಾರಿನ ಮನೆಗೆ ನೀರು ಒರೆಸುವ ಎರಡು ಟವೆಲ್, ಬಣ್ಣಕ್ಕೆ ಆರು ಬಟ್ಟೆ, ಗ್ಲಾಸಿಗೆ ಎರಡು, ಒಳಭಾಗಕ್ಕೆ ಮೂರು ಇದ್ದರೆ ಆರಾಮವಾಗಿ ನಡೆಯುತ್ತದೆ. ಒಂದೊಂದು ಕೆಲಸಕ್ಕೂ ಒಂದೊಂದು ಬಣ್ಣ ಕೊಂಡುಬಿಡಿ: ಬಾಡಿಗೆ ನೀಲಿ, ಒಳಗೆ ಹಸಿರು, ಚಕ್ರಕ್ಕೆ ಬೂದು ಎಂಬಂತೆ. ಮನೆಯಲ್ಲಿ ಯಾರು ತೆಗೆದುಕೊಂಡರೂ ಅದಲುಬದಲಾಗುವುದಿಲ್ಲ.

ಅಂಗಡಿಯಲ್ಲಿ ಪೊಟ್ಟಣ ಬಿಚ್ಚಲು ಬಿಟ್ಟರೆ ಎರಡು ಪರೀಕ್ಷೆ ಮಾಡಿ. ಒಣಗಿದ ಅಂಗೈಯನ್ನು ಬಟ್ಟೆಯ ಮೇಲೆ ಮೆಲ್ಲಗೆ ಎಳೆಯಿರಿ. ಚರ್ಮದ ಒರಟಿಗೆ ಎಳೆಗಳು ಸಣ್ಣಗೆ ಕಚ್ಚಿದಂತಾದರೆ ಅವು ಸೀಳಿದ ಎಳೆಗಳು. ಇನ್ನೊಂದು, ನಯವಾದ ಟೇಬಲಿನ ಮೇಲೆ ಒಂದು ಚಮಚ ನೀರು ಚೆಲ್ಲಿ ಬಟ್ಟೆಯನ್ನು ಒಮ್ಮೆ ಎಳೆಯುವುದು. ನೀರು ಬಟ್ಟೆಯೊಳಗೆ ಹೋದರೆ ಕೊಳ್ಳಿ. ಬಟ್ಟೆಯ ಮುಂದೆ ಸಾಲುಗಟ್ಟಿ ಓಡಿದರೆ ಬಿಟ್ಟುಬಿಡಿ.

ಬಳಸುವಾಗ

ಹೊಸ ಬಟ್ಟೆಯನ್ನು ಒಮ್ಮೆ ಒಗೆದೇ ಕಾರಿಗೆ ಮುಟ್ಟಿಸಿ. ತಯಾರಿಕೆಯಲ್ಲಿ ಉಳಿದ ಬಿಡಿ ಎಳೆ, ಹೆಚ್ಚುವರಿ ಬಣ್ಣ, ಪೊಟ್ಟಣದ ಧೂಳು ಆಗ ಹೋಗುತ್ತವೆ.

ಬಟ್ಟೆಯನ್ನು ಮುದ್ದೆ ಮಾಡಿ ಹಿಡಿಯಬೇಡಿ. ನಾಲ್ಕು ಮಡಿಕೆ ಮಾಡಿದರೆ ಒಂದೇ ಬಟ್ಟೆಯಲ್ಲಿ ಎಂಟು ಶುಭ್ರ ಮುಖಗಳು ಸಿಗುತ್ತವೆ. ಒಂದು ಮುಖ ಕೊಳೆಯಾದೊಡನೆ ತಿರುಗಿಸಿ ಮುಂದಿನದನ್ನು ಬಳಸಿ. ಮಡಿಸಿದಾಗ ಅಂಗೈಯ ಒತ್ತಡವೂ ಸಮನಾಗಿ ಹಂಚಿಹೋಗುತ್ತದೆ. ಮೇಲಿನಿಂದ ಕೆಳಗೆ ಬನ್ನಿ: ಮೊದಲು ರೂಫ್, ಗ್ಲಾಸು, ಬಾನೆಟ್, ಡಿಕ್ಕಿ, ಆಮೇಲೆ ಬಾಗಿಲುಗಳ ಮೇಲ್ಭಾಗ, ಕಡೆಗೆ ಬಂಪರ್ ಮತ್ತು ಬಾಗಿಲುಗಳ ಕೆಳಭಾಗ. ಹೆಚ್ಚಿನ ಮರಳು ಇರುವುದು ಕೆಳಗೆ. ಸುತ್ತುಸುತ್ತಾಗಿ ಉಜ್ಜದೆ ನೇರ ಗೆರೆಯಲ್ಲಿ, ಹಗುರವಾಗಿ ಎಳೆಯಿರಿ. ನೀರು ಒರೆಸುವ ದೊಡ್ಡ ಟವೆಲನ್ನು ಬಾನೆಟ್ ಮೇಲೆ ಹಾಸಿ ನಿಧಾನವಾಗಿ ನಿಮ್ಮ ಕಡೆಗೆ ಎಳೆದುಕೊಂಡರೆ ಸಾಕು, ಒತ್ತುವ ಅಗತ್ಯವೇ ಇಲ್ಲ.

ಒಂದೇ ಬಕೆಟ್ಟಿನಲ್ಲಿ ಮುಗಿಸಬೇಕಾದವರಿಗೆ ರಿನ್ಸ್‌ಲೆಸ್ ವಾಶ್ ದ್ರಾವಣ ಒಳ್ಳೆಯ ದಾರಿ. ಕಂಪನಿ ಹೇಳಿದ ಪ್ರಮಾಣದಲ್ಲಿ ದ್ರಾವಣ ಬೆರೆಸಿದ ಬಕೆಟ್ಟಿಗೆ ಆರೇಳು ಬಟ್ಟೆಗಳನ್ನು ಒಟ್ಟಿಗೆ ಮುಳುಗಿಸಿಡಿ. ಒಂದೊಂದು ಬಟ್ಟೆಯಲ್ಲಿ ಒಂದೊಂದು ಭಾಗ ಮುಗಿಸಿ. ಬಳಸಿದ್ದನ್ನು ಮತ್ತೆ ಅದೇ ಬಕೆಟ್ಟಿಗೆ ಹಾಕದೆ ಪಕ್ಕಕ್ಕಿಡಿ. ನೀರು ಕೊನೆಯವರೆಗೂ ತಿಳಿಯಾಗಿಯೇ ಉಳಿಯುತ್ತದೆ. ಮಳೆಗಾಲದಲ್ಲಿ ಹೊಲದ ದಾರಿಯ ಕೆಸರು ಮೆತ್ತಿದ್ದರೆ ಮಾತ್ರ ಈ ವಿಧಾನ ಬೇಡ. ಮೊದಲು ವಾಟರ್ ಸರ್ವಿಸ್‌ನಲ್ಲಿ ಕೆಸರನ್ನು ಒತ್ತಡದ ನೀರಿನಿಂದ ಬಿಡಿಸಿ, ಆಮೇಲೆ ಬಟ್ಟೆ ಮುಟ್ಟಿಸಿ.

ಬಟ್ಟೆ ನೆಲಕ್ಕೆ ಬಿದ್ದರೆ ಆ ದಿನಕ್ಕೆ ಅದರ ಕೆಲಸ ಮುಗಿಯಿತು. ಕೊಡವಿದರೆ ಮರಳು ಹೋಗುವುದಿಲ್ಲ. ಕಣವನ್ನು ಹಿಡಿದಿಟ್ಟುಕೊಳ್ಳುವುದೇ ಈ ಎಳೆಯ ಗುಣ. ನೇರ ಒಗೆಯುವ ಬುಟ್ಟಿಗೆ ಹಾಕಿ.

ಒಗೆಯುವ ಕ್ರಮ

ಬಳಸಿದ ಬಟ್ಟೆಯನ್ನು ಡಿಕ್ಕಿಯ ಮೂಲೆಯಲ್ಲಿ ಒಣಗಲು ಬಿಡಬೇಡಿ. ವ್ಯಾಕ್ಸ್, ಪಾಲಿಶ್ ಗಟ್ಟಿಯಾದರೆ ಎಳೆಯೊಳಗಿಂದ ಬಿಡಿಸುವುದು ಕಷ್ಟ. ಅದೇ ದಿನ ಒಗೆಯಲು ಆಗದಿದ್ದರೆ ಬಕೆಟ್ ನೀರಿನಲ್ಲಾದರೂ ನೆನೆಹಾಕಿ.

ಮೊದಲ ಕೆಲಸ ಬೇರ್ಪಡಿಸುವುದು. ನೀರು ಒರೆಸಿದ ಮತ್ತು ಗ್ಲಾಸಿನ ಬಟ್ಟೆಗಳದ್ದು ಒಂದು ಗುಂಪು; ವ್ಯಾಕ್ಸ್, ಪಾಲಿಶ್ ಹಿಡಿದವುಗಳದ್ದು ಇನ್ನೊಂದು; ಚಕ್ರದ್ದು ಮೂರನೆಯದು. ಮನೆಯ ಪಂಚೆ, ಬೈರಾಸು, ಬೆಡ್‌ಶೀಟುಗಳ ಜೊತೆ ಇವನ್ನು ಎಂದೂ ಹಾಕಬೇಡಿ. ಹತ್ತಿಯ ನವಿರು ಬಿಟ್ಟುಕೊಂಡು ಮೈಕ್ರೋಫೈಬರ್‌ಗೆ ಅಂಟಿದರೆ ಒಂದೊಂದಾಗಿ ಕೀಳಬೇಕಾಗುತ್ತದೆ.

ಎರಡನೆಯದು ಸೋಪು. ಲಿಕ್ವಿಡ್ ಡಿಟರ್ಜೆಂಟ್ ಬಳಸಿ, ಅದೂ ಮಿತವಾಗಿ. ತಣ್ಣೀರಿನಲ್ಲಿ ಪೂರ್ತಿ ಕರಗದ ಸೋಪಿನ ಪುಡಿ ಎಳೆಗಳ ನಡುವೆ ಉಳಿಯುತ್ತದೆ. ಕಂಫರ್ಟಿನಂತಹ ಫ್ಯಾಬ್ರಿಕ್ ಕಂಡಿಷನರ್ ಪೂರ್ತಿ ನಿಷಿದ್ಧ. ಬಟ್ಟೆಯನ್ನು ಮೃದು ಮಾಡಲು ಅದು ಎಳೆಯ ಮೇಲೆ ಒಂದು ಲೇಪ ಬಿಡುತ್ತದೆ. ಆ ಲೇಪ ಸಂದುಗಳನ್ನು ಮುಚ್ಚಿದರೆ ಬಟ್ಟೆ ನೀರು ಹೀರುವುದಿಲ್ಲ, ಗ್ಲಾಸಿನ ಮೇಲೆ ಮಸುಕು ಬಿಡುತ್ತದೆ. ಬ್ಲೀಚ್ ಕೂಡ ಬೇಡ, ಅದು ನಾರನ್ನೇ ಬಲಗುಂದಿಸುತ್ತದೆ.

ಮೂರನೆಯದು ಬಿಸಿ. ಪಾಲಿಯೆಸ್ಟರ್ ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು. ಆದರೆ ಅದಕ್ಕಿಂತ ಎಷ್ಟೋ ಮೊದಲೇ, 70–80 ಡಿಗ್ರಿಯ ಆಸುಪಾಸಿನಲ್ಲೇ ಅದು ಮೆತ್ತಗಾಗತೊಡಗುತ್ತದೆ, ಸಣ್ಣ ಎಳೆಗಳ ಆಕಾರ ಕೆಡಬಹುದು. ಉಗುರುಬೆಚ್ಚಗಿನ ನೀರು, 40 ಡಿಗ್ರಿಯವರೆಗೆ, ಸಾಕು. ಹಂಡೆಯ ಕುದಿನೀರು ಬೇಡ. ಇಸ್ತ್ರಿಪೆಟ್ಟಿಗೆಯಂತೂ ಹತ್ತಿರ ತರಲೇಬಾರದು.

ಕೈಯಲ್ಲಿ ಒಗೆಯುವುದಾದರೆ, ಬಕೆಟ್ ಬೆಚ್ಚನೆ ನೀರಿಗೆ ಒಂದೆರಡು ಚಮಚ ಲಿಕ್ವಿಡ್ ಹಾಕಿ ಅರ್ಧ ಗಂಟೆ ನೆನೆಸಿ. ನೀರಿನೊಳಗೇ ಅಲುಗಿಸಿ, ಮೆಲ್ಲಗೆ ಹಿಸುಕಿ ಕೊಳೆ ಬಿಡಿಸಿ. ಒಗೆಯುವ ಕಲ್ಲಿನ ಮೇಲೆ ಬಡಿಯುವುದು, ಸೋಪಿನ ಬಿಲ್ಲೆ ತಿಕ್ಕುವುದು, ಬ್ರಷ್ ಹಾಕುವುದು ಮೂರೂ ಬೇಡ. ಕಲ್ಲಿನ ಸಂದಿಯ ಮರಳು ಬಟ್ಟೆಗೆ ಹೊಕ್ಕರೆ ಇಷ್ಟೆಲ್ಲ ಕಾಳಜಿ ಮಾಡಿದ್ದು ವ್ಯರ್ಥ. ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ.

ವಾಷಿಂಗ್ ಮಷಿನ್ನಿನಲ್ಲಾದರೆ, ಹಿಂದಿನ ಸಲ ಹಾಕಿದ ಹತ್ತಿ ಬಟ್ಟೆಯ ನವಿರು ಡ್ರಮ್ಮಿನಲ್ಲಿ, ಬಾಗಿಲ ರಬ್ಬರಿನಲ್ಲಿ ಉಳಿದಿದ್ದರೆ ಮೊದಲು ಒರೆಸಿ. ಮೃದು ಒಗೆತದ ಕ್ರಮ ಆರಿಸಿ, ಒಂದು ಜಾಲಿಕೆ ಹೆಚ್ಚಿಗೆ ಕೊಡಿ. ಎಂಜಿನ್ ಆಯಿಲ್, ಗ್ರೀಸ್ ಹೀರಿದ ಬಟ್ಟೆಯನ್ನು ಮಷಿನ್ನಿಗಾಗಲಿ ಡ್ರೈಯರ್‌ಗಾಗಲಿ ಹಾಕಬೇಡಿ. ಒಗೆದ ಮೇಲೂ ಎಣ್ಣೆಯಂಶ ಉಳಿದ ಬಟ್ಟೆಗೆ ಡ್ರೈಯರ್‌ನ ಬಿಸಿಯಲ್ಲಿ ಬೆಂಕಿ ಹತ್ತುವ ಅಪಾಯವಿದೆ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಇನ್ನೊಂದು ತೊಡಕು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಎಳೆಗಳಲ್ಲಿ ಉಳಿದು, ಒಣಗಿದ ಬಟ್ಟೆ ಬಿರುಸಾಗುತ್ತದೆ. ಆಗಾಗ ಕೊನೆಯ ಜಾಲಿಕೆಯ ಬಕೆಟ್ಟಿಗೆ ಅರ್ಧ ಲೋಟದಷ್ಟು ಬಿಳಿ ವಿನೆಗರ್ ಬೆರೆಸಿ ಸ್ವಲ್ಪ ಹೊತ್ತು ನೆನೆಸಿ, ಮತ್ತೆ ಬರೀ ನೀರಿನಲ್ಲಿ ಜಾಲಿಸಿದರೆ ಮೆದುತನ ಬಹುಮಟ್ಟಿಗೆ ಮರಳುತ್ತದೆ. ಹಿಡಿದಿಟ್ಟ ಮಳೆನೀರು ಇದ್ದರೆ ಕೊನೆಯ ಜಾಲಿಕೆಗೆ ಅದಕ್ಕಿಂತ ಒಳ್ಳೆಯದಿಲ್ಲ. ವಿನೆಗರನ್ನು ಬ್ಲೀಚಿನ ಜೊತೆ ಮಾತ್ರ ಎಂದೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ಒಣಗಿಸಿ, ಎತ್ತಿಡುವುದು

ನೆರಳಿನಲ್ಲಿ, ಗಾಳಿಯಾಡುವಲ್ಲಿ ಒಣಗಿಸಿ. ರಸ್ತೆ ಪಕ್ಕದ ಮಹಡಿಯ ತಂತಿಗೆ ಹಾಕಿದರೆ ಒದ್ದೆ ಬಟ್ಟೆ ಊರಿನ ಧೂಳನ್ನೆಲ್ಲ ಹಿಡಿದುಕೊಂಡು ಬರುತ್ತದೆ. ಕಟ್ಟಡದ ಕೆಲಸ ನಡೆಯುವ ಬಡಾವಣೆಗಳಲ್ಲಿ ಮನೆಯೊಳಗೇ ಸ್ಟ್ಯಾಂಡಿನ ಮೇಲೆ ಹರವುವುದು ಲೇಸು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ದಪ್ಪ ಟವೆಲ್ ಬೇಗ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಅಲ್ಲಿ ಫ್ಯಾನಿನ ಕೆಳಗೆ ಹರವಿ, ಇಲ್ಲವೇ ಡ್ರೈಯರನ್ನು ಅತಿ ಕಡಿಮೆ ಬಿಸಿಯಲ್ಲಿಟ್ಟು ಬಳಸಿ. ಆ ಊರುಗಳವರಿಗೆ ಒಂದೇ ದಪ್ಪ ಟವೆಲಿಗಿಂತ ಎರಡು ವಾಫಲ್ ಟವೆಲ್ ಹೆಚ್ಚು ಅನುಕೂಲ.

ಪೂರ್ತಿ ಒಣಗಿದ ಮೇಲೆ ಒಂದೊಂದನ್ನೂ ಕೊಡವಿ, ಬೆಳಕಿಗೆ ಹಿಡಿದು ನೋಡಿ. ಕಡ್ಡಿ, ಕೂದಲು, ಒಣ ಎಲೆಯ ಚೂರು ಸಿಕ್ಕಿದ್ದರೆ ತೆಗೆಯಿರಿ. ಮುಚ್ಚಳವಿರುವ ಡಬ್ಬಿಗಳಲ್ಲಿ ಕೆಲಸದ ಹೆಸರು ಬರೆದು ಬೇರೆ ಬೇರೆ ಇಡಿ.

ಯಾವಾಗ ಕೆಳಗಿಳಿಸಬೇಕು

ಬಟ್ಟೆಯ ಆಯಸ್ಸನ್ನು ತಿಂಗಳುಗಳಲ್ಲಿ ಎಣಿಸಬೇಡಿ, ಮುಟ್ಟಿ ನೋಡಿ. ಒಗೆದು ಒಣಗಿಸಿದ ಮೇಲೂ ಬಿರುಸಾಗಿದ್ದರೆ, ನೀರು ಹೀರದಿದ್ದರೆ, ಎಳೆಗಳು ಗಂಟುಗಂಟಾಗಿದ್ದರೆ ಅದು ಬಣ್ಣದ ಮೇಲಿನ ಕೆಲಸ ಬಿಡಬೇಕು. ಬಾಡಿಯಿಂದ ಒಳಭಾಗಕ್ಕೆ, ಅಲ್ಲಿಂದ ಚಕ್ರಕ್ಕೆ, ಕಡೆಗೆ ಎಂಜಿನ್ ಭಾಗಕ್ಕೆ ಇಳಿಸುತ್ತ ಹೋಗಿ. ಒಮ್ಮೆ ಇಳಿದದ್ದು ಎಷ್ಟು ಚೆನ್ನಾಗಿ ಒಗೆದರೂ ಮತ್ತೆ ಮೇಲೇರಬಾರದು. ಇಳಿಸಿದ ಬಟ್ಟೆಯ ಒಂದು ಮೂಲೆ ಕತ್ತರಿಸಿಟ್ಟರೆ ಗುರುತು ಸುಲಭ. ಸೆರಾಮಿಕ್ ಕೋಟಿಂಗ್ ಒರೆಸಿದ ಬಟ್ಟೆಯದ್ದು ಬೇರೆ ಲೆಕ್ಕ. ಕೋಟಿಂಗ್ ಎಳೆಯೊಳಗೇ ಗಟ್ಟಿಯಾಗಿ ಗೀರು ಹಾಕುವಷ್ಟು ಬಿರುಸಾಗುವುದರಿಂದ ಅದನ್ನು ಒಂದೇ ಬಳಕೆಗೆ ಮುಗಿಸಿಬಿಡಬೇಕು.

ಮೈಕ್ರೋಫೈಬರ್ ಕೊನೆಗೂ ಪ್ಲಾಸ್ಟಿಕ್ಕೇ. ಪ್ರತಿ ಒಗೆತದಲ್ಲೂ ಕಣ್ಣಿಗೆ ಕಾಣದ ಎಳೆಯ ಚೂರುಗಳು ನೀರಿಗೆ ಸೇರುತ್ತವೆ, ಚರಂಡಿಯ ಮೂಲಕ ಕೆರೆ, ನದಿಗೆ ಹೋಗುತ್ತವೆ. ಒಂದೆರಡು ಬಟ್ಟೆಗಾಗಿ ಮಷಿನ್ ಓಡಿಸದೆ ನೀರಿನಲ್ಲಿ ನೆನೆಸಿಟ್ಟು, ಒಂದು ಗುಂಪಾದ ಮೇಲೆ ಮೃದು ಒಗೆತದಲ್ಲಿ, ಹೆಚ್ಚು ಬಿಸಿಯಿಲ್ಲದ ನೀರಿನಲ್ಲಿ ಒಗೆದರೆ ಎಳೆ ಉದುರುವುದು ಕಡಿಮೆಯಾಗುತ್ತದೆ. ಅಗ್ಗದ ಪೊಟ್ಟಣಗಳನ್ನು ಮತ್ತೆ ಮತ್ತೆ ಕೊಂಡು ಎಸೆಯುವುದಕ್ಕಿಂತ ಕೆಲವೇ ಒಳ್ಳೆಯ ಬಟ್ಟೆಗಳನ್ನು ದೀರ್ಘಕಾಲ ಬಾಳಿಸುವುದು ಕಾರಿಗೂ ಕೆರೆಗೂ ಒಳ್ಳೆಯದು.

ಗೀರು ಬಿದ್ದರೆ ಪಾಲಿಶ್ ಮಾಡಿಸಿದರಾಯಿತು ಎನ್ನುವವರು ಒಂದು ಮಾತು ನೆನಪಿಡಬೇಕು. ಮಷಿನ್ ಪಾಲಿಶ್ ಗೀರನ್ನು ತುಂಬುವುದಿಲ್ಲ. ಗೀರಿನ ಆಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸಿ ಮಟ್ಟ ಮಾಡುತ್ತದೆ. ಪ್ರತಿ ಸಲವೂ ಆ ತೆಳು ಪದರ ಇನ್ನಷ್ಟು ತೆಳುವಾಗುತ್ತದೆ, ಪೂರ್ತಿ ಸವೆದರೆ ಮತ್ತೆ ಪೇಂಟ್ ಹೊಡೆಸುವುದೊಂದೇ ದಾರಿ. ಅದನ್ನು ತಪ್ಪಿಸುವ ಕೆಲಸ ಈ ವಾರವೇ ಶುರುವಾಗಬಹುದು. ನಿಮ್ಮ ಕಾರನ್ನು ಬೇರೆಯವರು ಒರೆಸುತ್ತಿದ್ದರೆ, ನಾಲ್ಕಾರು ಬಟ್ಟೆಗಳನ್ನು ನಿಮ್ಮ ಮನೆಯಿಂದಲೇ ಕೊಡಿ. ಯಾವುದು ಎಲ್ಲಿಗೆ ಎಂದು ಒಮ್ಮೆ ಜೊತೆಯಲ್ಲಿ ನಿಂತು ತೋರಿಸಿ. ಒಣ ಧೂಳನ್ನು ದಿನಾ ಒರೆಸುವ ಬದಲು ವಾರಕ್ಕೊಂದೆರಡು ಸಲ ಒದ್ದೆ ಬಟ್ಟೆಯಲ್ಲಿ ಸರಿಯಾಗಿ ಒರೆಸಿದರೆ ಸಾಕೆಂದು ಹೇಳಿ, ತಿಂಗಳ ಸಂಬಳ ಮಾತ್ರ ಮೊದಲಿನಷ್ಟೇ ಕೊಡಿ. ಬಟ್ಟೆಗಳನ್ನು ಒಗೆಯುವ ಹೊಣೆ ನಿಮ್ಮ ಕೈಯಲ್ಲೇ ಇರಲಿ.